ಗುಮ್ಮಟದಿಂದ ಆಲಮಟ್ಟಿವರೆಗೆ: ಐದು ವರ್ಷದ ಮಗಳ ಜೊತೆ ಬೇಸಿಗೆ ಸುತ್ತಾಟ

ಏಪ್ರಿಲ್ ಬಂತಂದ್ರೆ ವಿಜಯಪುರದ ಅರ್ಧ ಜನ ತಂಪು ಹುಡುಕಿಕೊಂಡು ಹೊರಡುತ್ತಾರೆ. ಮಹಾಬಳೇಶ್ವರ, ಊಟಿ, ಮಡಿಕೇರಿ. ನಾವು ಈ ಸಲ ಎಲ್ಲಿಗೂ ದೂರ ಹೋಗಲಿಲ್ಲ. ಮಗಳಿಗೆ ಈಗ ಐದು ವರ್ಷ. ಹೊರಗಿನ ಊರಿನ ನೆಂಟರು ಬಂದಾಗೆಲ್ಲ ಗೋಳಗುಮ್ಮಟ ತೋರಿಸಲು ಓಡಾಡಿದ್ದೇನೆ, ಆದರೆ ಮಗಳಿಗಾಗಿ ಅಂತಲೇ ಅಲ್ಲಿಗೆ ಹೋದದ್ದಿರಲಿಲ್ಲ. ಹಾಗಾಗಿ ನಮ್ಮ ಊರು, ಪಕ್ಕದ ಬಾಗಲಕೋಟೆ ಜಿಲ್ಲೆ, ಇಷ್ಟನ್ನೇ ಅವಳ ಕಾಲಿನ ವೇಗದಲ್ಲಿ ನೋಡೋಣ ಅಂತ ಮನೆಯಲ್ಲಿ ಮಾತಾಯಿತು.

ನಿಯಮ ಒಂದೇ. ಬೆಳಕು ಹರಿಯುವ ಹೊತ್ತಿಗೆ ಎದ್ದು ಹೊರಡುವುದು, ಹತ್ತೂವರೆಗೆ ನೆರಳು ಸೇರುವುದು, ಮತ್ತೆ ಐದರ ಮೇಲೆ ಹೊರಗೆ ಬರುವುದು. ನಮ್ಮ ಕಡೆ ಮಧ್ಯಾಹ್ನದ ಬಿಸಿಲಲ್ಲಿ ಸಣ್ಣ ಮಕ್ಕಳನ್ನು ಕರೆದುಕೊಂಡು ತಿರುಗಬಾರದು. ಎಷ್ಟು ನೀರು ಕುಡಿಸಿದರೂ ಸಾಲುವುದಿಲ್ಲ.

ಸೋಮವಾರ, ಗೋಳಗುಮ್ಮಟ

ಟಿಕೆಟ್ ನನಗೆ ಮಾತ್ರ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲಿ ಟಿಕೆಟ್ ಇಲ್ಲ. ಗೇಟಿನಿಂದ ಗುಮ್ಮಟದ ತನಕ ತೋಟದೊಳಗಿನ ಉದ್ದ ದಾರಿ ಇದೆಯಲ್ಲ, ಅದನ್ನು ದಾಟೋಕೇ ಅರ್ಧ ಗಂಟೆ ಹಿಡಿಯಿತು. ಒಂದು ಅಳಿಲು, ಆಮೇಲೆ ಇನ್ನೊಂದು ಅಳಿಲು, ಆಮೇಲೆ ಇರುವೆ ಸಾಲು. ನಾನು ಅವಸರ ಮಾಡಲಿಲ್ಲ.

ಮೇಲೆ ಹತ್ತುವುದು ಮೂಲೆಯ ಗೋಪುರದ ಒಳಗಿನ ಮೆಟ್ಟಿಲುಗಳಿಂದ. ನಾಲ್ಕು ಮೂಲೆಗೆ ನಾಲ್ಕು ಗೋಪುರ, ಒಂದೊಂದಕ್ಕೆ ಏಳು ಅಂತಸ್ತು. ಮೆಟ್ಟಿಲು ದೊಡ್ಡವರಿಗೇ ಎತ್ತರ, ಮಕ್ಕಳಿಗೆ ಮೊಣಕಾಲು ಎದೆಗೆ ತಾಗುತ್ತದೆ. ಅವಳಿಗೆ ಇಪ್ಪತ್ತರ ತನಕ ಮಾತ್ರ ಲೆಕ್ಕ ಬರುತ್ತದೆ. ಇಪ್ಪತ್ತು ಆದ ಮೇಲೆ ಮತ್ತೆ ಒಂದರಿಂದ ಶುರು. ಪ್ರತಿ ಇಪ್ಪತ್ತಕ್ಕೂ ಒಂದು ಗುಟುಕು ನೀರು, ಪ್ರತಿ ಅಂತಸ್ತಿಗೂ ಕಿಂಡಿಯಿಂದ ಊರು ನೋಡುವುದು. ಹೀಗೆ ಹತ್ತಿದರೆ ಸುಸ್ತು ಗೊತ್ತಾಗಲ್ಲ. ಎತ್ತಿಕೋ ಅಂತ ಒಮ್ಮೆಯೂ ಕೇಳಲಿಲ್ಲ.

ಮುಹಮ್ಮದ್ ಆದಿಲ್ ಶಾಹನ ಸಮಾಧಿ ಇದು, 1656ರಲ್ಲಿ ಮುಗಿದದ್ದು. ಹೊರಗಿನ ಅಳತೆಯಲ್ಲಿ ಗುಮ್ಮಟದ ಅಡ್ಡಗಲ ಸುಮಾರು 44 ಮೀಟರ್, ನಡುವೆ ಒಂದೂ ಕಂಬ ಇಲ್ಲ. ಎಂಟು ಕಮಾನುಗಳು ಒಂದನ್ನೊಂದು ಹಾದುಹೋಗಿ ಆ ಭಾರವನ್ನೆಲ್ಲ ಗೋಡೆಗೆ ಇಳಿಸುತ್ತವೆ. ಇದನ್ನೆಲ್ಲ ಅವಳಿಗೆ ಹೇಳಲಿಲ್ಲ. ಪಿಸುಗುಟ್ಟುವ ಗ್ಯಾಲರಿಯ ಒಳಗೆ ಹೋಗಿ, ಅವಳನ್ನು ಗೋಡೆ ಪಕ್ಕ ಕೂರಿಸಿ, ಅಲ್ಲಿದ್ದ ಕಾವಲುಗಾರರಿಗೆ ಸ್ವಲ್ಪ ನೋಡ್ಕೊಳ್ರಿ ಅಂತ ಹೇಳಿ, ನಾನು ಸುತ್ತು ಹಾಕಿ ಎದುರಿನ ಬದಿಗೆ ಹೋಗಿ ಕೂತೆ. ಅಲ್ಲಿಂದ ಅವಳ ಕೆಂಪು ಫ್ರಾಕು ಬಿಟ್ಟರೆ ಬೇರೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡು ಅಂತ ಮೊದಲೇ ಹೇಳಿದ್ದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನನ್ನ ಕಿವಿಯ ಪಕ್ಕದಲ್ಲೇ ಕೂತು ಹೇಳಿದ ಹಾಗೆ ಕೇಳಿಸಿತು.

"ಪಪ್ಪಾ, ಹಸಿವಾಗೇತಿ."

ನಾನೂ ಗೋಡೆಗೆ ಬಾಯಿ ಹಚ್ಚಿ, "ಚೀಲದಾಗ ಉಂಡಿ ಐತವ್ವಾ, ಬಂದೆ ತಡಿ" ಅಂದೆ. ಆ ಕಡೆಯಿಂದ ಅವಳು ಕಿಲಕಿಲ ನಕ್ಕದ್ದು ಗುಮ್ಮಟದ ತುಂಬ ಸುತ್ತಿ ಸುತ್ತಿ ಬಂತು. ಅಷ್ಟು ನಗು ನಾನು ಬೇರೆಲ್ಲೂ ಕೇಳಿಲ್ಲ. ದನಿ ಆ ದುಂಡನೆ ಗೋಡೆಯನ್ನು ಹಿಡಿದುಕೊಂಡು ಜಾರುತ್ತಾ ಬರುತ್ತದೆ, ನಡುವಿನ ಗಾಳಿಯಲ್ಲಿ ಚದುರಿ ಹೋಗುವುದಿಲ್ಲ, ಅದಕ್ಕೇ ಇಷ್ಟು ದೂರ ಕೇಳುತ್ತದೆ ಅಂತ ಉಂಡಿ ತಿನ್ನುವಾಗ ಹೇಳಿದೆ. "ಗ್ವಾಡಿ ಮ್ಯಾಲ ನಡಕೊಂತ ಬರ್ತೈತಿ?" ಅಂದಳು. ಹೌದು ಅಂದೆ. ಅವಳ ಮಾತೇ ಸರಿಯಾಗಿತ್ತು.

ಒಂಬತ್ತರ ಹೊತ್ತಿಗೆ ಬಸ್ಸುಗಳಲ್ಲಿ ಜನ ಬಂದರು. ಬಂದವರೆಲ್ಲ ಕೂಗಲು ಶುರು ಮಾಡಿದರೆ ಒಳಗೆ ಒಂದು ಮಾತೂ ಬಿಡಿಸಿ ಕೇಳುವುದಿಲ್ಲ, ಬರೀ ಗದ್ದಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಪಿಸುಮಾತು ಕೇಳಿಸಬೇಕಂದರೆ ಜನ ಇರಬಾರದು, ಅಷ್ಟೇ.

ಮಂಗಳವಾರ, ತೋಪು ಮತ್ತು ಬುರುಜು

ಬೆಳಿಗ್ಗೆ ಮನೆಯಲ್ಲೇ ಇದ್ದು ಸಂಜೆ ಟಾಂಗಾ ಹಿಡಿದೆವು. ವಿಜಯಪುರದಲ್ಲಿ ಟಾಂಗಾ ಇನ್ನೂ ಇವೆ, ಮೊದಲಿನಷ್ಟಿಲ್ಲ. ಟಾಂಗಾದ ಮುತ್ಯಾ ಅವಳನ್ನು ಮುಂದೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಲಗಾಮಿನ ತುದಿ ಹಿಡಿಯಲು ಕೊಟ್ಟರು. ದಾರಿಯುದ್ದಕ್ಕೂ ಅವಳೇ ಕುದುರೆ ಹೊಡೆಯುತ್ತಿದ್ದೇನೆ ಅಂದುಕೊಂಡಿದ್ದಳು.

ಮಲಿಕ್-ಎ-ಮೈದಾನ್ ತೋಪು ನೋಡಿದವರೆಲ್ಲ ಅದರ ತೂಕ ಮಾತಾಡುತ್ತಾರೆ. 55 ಟನ್. ಗಂಟೆ ಮಾಡುವ ಮಿಶ್ರಲೋಹದಲ್ಲಿ 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಆಮೇಲೆ ಯುದ್ಧದಲ್ಲಿ ಗೆದ್ದು ಇಲ್ಲಿಗೆ ತಂದದ್ದು. ಎಳೆದು ತರಲು 400 ಎತ್ತು, 10 ಆನೆ ಬೇಕಾದವು ಅಂತ ಹೇಳುತ್ತಾರೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜು ಹಾಕಿದಾಗ ಬಂದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಆ ಮಾರಾಟ ರದ್ದಾಯಿತು. ಇಲ್ಲದಿದ್ದರೆ ಕರಗಿಸಿ ಏನು ಮಾಡುತ್ತಿದ್ದರೋ.

ಮಗಳು ನೋಡಿದ್ದು ಬೇರೆ. ತೋಪಿನ ಬಾಯಿ ಸಿಂಹದ ಮುಖದ ಹಾಗಿದೆ, ಅದರ ದವಡೆಯಲ್ಲಿ ಒಂದು ಸಣ್ಣ ಆನೆ ಸಿಕ್ಕಿಹಾಕಿಕೊಂಡಿದೆ. ದೊಡ್ಡವರು ಸಿಂಹ ನೋಡಿ ಮುಂದೆ ಹೋಗುತ್ತಾರೆ. ಅವಳು ತುದಿಗಾಲಲ್ಲಿ ನಿಂತು ಆನೆಯನ್ನು ಬೆರಳಿಂದ ತೋರಿಸಿ, "ಪಪ್ಪಾ, ಇದನ್ನ ಬಿಡಸ್ರಿ" ಅಂದಳು. ಲೋಹದ್ದವ್ವಾ, ಅದಕ್ಕೆ ನೋವಾಗಲ್ಲ ಅಂದರೂ ಒಪ್ಪಲಿಲ್ಲ. ಹೊತ್ತು ಮುಳುಗುವ ತನಕ ಅಲ್ಲೇ ನಿಂತಿದ್ದೆವು. ದಿನವಿಡೀ ಬಿಸಿಲು ಉಂಡ ಕಲ್ಲು ಇನ್ನೂ ಸುಡುತ್ತಿತ್ತು, ತೋಪಿನ ಮೈ ಮಾತ್ರ ಅಷ್ಟು ಕಾದಿರಲಿಲ್ಲ. ಹಿರಿಯರು ಹೇಳುತ್ತಿದ್ದ ಈ ಮಾತು ನಿಜವೇ ಅಂತ ಕೈ ಇಟ್ಟು ನೋಡಿ ಖುಷಿಯಾಯಿತು.

ಪಕ್ಕದ ಉಪ್ಪಲಿ ಬುರುಜಿನ ಮೆಟ್ಟಿಲು ಹೊರಮೈಗೆ ಸುತ್ತಿಕೊಂಡು ಮೇಲೆ ಹೋಗುತ್ತವೆ. ಎತ್ತರ ಸುಮಾರು 80 ಅಡಿ. ಮಗುವನ್ನು ಗೋಡೆ ಬದಿಗೆ ಇಟ್ಟುಕೊಂಡು, ಕೈ ಬಿಡದೆ ಹತ್ತಬೇಕು. ಮೇಲೆ ಗಾಳಿ ಇತ್ತು. ಊರೆಲ್ಲ ಕಾಣುತ್ತಿತ್ತು, ದೂರದಲ್ಲಿ ಗೋಳಗುಮ್ಮಟ. "ಅಲ್ಲಿ ನನ್ನ ದನಿ ಐತಿ" ಅಂತ ಅವಳಮ್ಮನಿಗೆ ಫೋನಲ್ಲಿ ಹೇಳಿದಳು. ಇಳಿದು ಬಂದು ಗೋಲಾ ತಿಂದೆವು.

ಬುಧವಾರ

ಎರಡನೇ ಇಬ್ರಾಹಿಂ ಆದಿಲ್ ಶಾಹನ ಸಮಾಧಿ ಇಬ್ರಾಹಿಂ ರೋಜಾಕ್ಕೆ ಬೆಳಿಗ್ಗೆ ಹೋಗಿ ಬೇಗ ಬಂದೆವು. ನನಗೆ ಗೋಳಗುಮ್ಮಟಕ್ಕಿಂತ ಇದೇ ಹೆಚ್ಚು ಇಷ್ಟ. 1627ರ ಸುಮಾರಿನದು, ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿದ್ದಾರೆ. ಅವಳಿಗೆ ಅದು ಹಿಡಿಸಲಿಲ್ಲ, ಹುಲ್ಲಿನ ಮೇಲೆ ಉರುಳಾಡಿದಳು. ಅದೂ ಆಗಲಿ. ಬಿಸಿಲು ನಲವತ್ತು ದಾಟಿದ ದಿನ. ಮಧ್ಯಾಹ್ನ ಪೂರ್ತಿ ಮನೆಯಲ್ಲಿ ಮಜ್ಜಿಗೆ, ನಿದ್ದೆ, ಆನೆ ಚಿತ್ರ. ಚಿತ್ರದಲ್ಲಿ ಆನೆ ಸಿಂಹದ ಬಾಯಿಂದ ಹೊರಗೆ ಬಂದಿತ್ತು.

ಗುರುವಾರ, ರೈಲು

ಮನೆಯವಳಿಗೆ ರಜೆ ಸಿಕ್ಕಿತು. ಮೂವರೂ ಬಾದಾಮಿಗೆ ರೈಲು ಹತ್ತಿದೆವು. ಕಾರಿದ್ದರೂ ರೈಲೇ ಆಗಬೇಕು ಅಂತ ನಾನು ಹಟ ಹಿಡಿದೆ. ಸಣ್ಣ ಮಕ್ಕಳಿಗೆ ರೈಲಿನ ಕಿಟಕಿಗಿಂತ ದೊಡ್ಡ ಪ್ರವಾಸ ಇಲ್ಲ. ಬುತ್ತಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಮಗಳಿಗೆ ಶೇಂಗಾ ಹೋಳಿಗೆ. ಬೇಸಿಗೆಯಲ್ಲಿ ಇವು ಕೆಡುವುದಿಲ್ಲ. ಮೊಸರನ್ನು ಮಾತ್ರ ಬೇಗ ಮುಗಿಸಬೇಕು.

ಕೂಡಗಿ ಹತ್ತಿರ ಬಂದಾಗ ವಿದ್ಯುತ್ ಸ್ಥಾವರದ ದೊಡ್ಡ ದೊಡ್ಡ ಚಿಮಣಿ ಕಂಡವು. 2400 ಮೆಗಾವ್ಯಾಟಿನ ಸ್ಥಾವರ. ಮೋಡ ಇಲ್ಲಿ ಮಾಡ್ತಾರೇನು ಅಂತ ಕೇಳಿದಳು. ಎದುರು ಕೂತಿದ್ದ ಕಾಕಾ ಒಬ್ಬರು, "ಇಲ್ಲವಾ ತಂಗಿ, ನಿಮ್ಮ ಮನಿ ಫ್ಯಾನ್ ತಿರಗೂದು ಇಲ್ಲಿಂದ" ಅಂತ ಸಮಾಧಾನದಿಂದ ತಿಳಿಸಿ ಹೇಳಿದರು.

ಆಲಮಟ್ಟಿ ದಾಟಿ ಕೃಷ್ಣೆಯ ಸೇತುವೆ ಬಂತು. ಮಳೆಗಾಲದಲ್ಲಿ ಇಲ್ಲಿ ಸಮುದ್ರದ ಹಾಗೆ ನೀರು. ಈಗ ಹಿನ್ನೀರು ಹಿಂದೆ ಸರಿದು, ಕರಿ ಮಣ್ಣು ಬಿರುಕು ಬಿಟ್ಟಿತ್ತು. ಮನೆಯವಳ ತವರು ಬಾಗಲಕೋಟೆ. ಹಳೇ ಊರಿನ ಎಷ್ಟೋ ಓಣಿಗಳು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋದವು. ಅವಳ ಅಜ್ಜನ ಮನೆಯೂ ಅದರಲ್ಲಿ ಒಂದು. ಆ ಜನರಿಗಾಗಿಯೇ ನವನಗರ ಕಟ್ಟಿದ್ದು. ಬಾಗಲಕೋಟೆ ಹತ್ತಿರ ಬಂದಾಗ ಅವಳು ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು, "ನಿನ್ನ ಮುತ್ಯಾನ ಅಪ್ಪನ ಮನಿ ಆ ಕಡೆ ಇತ್ತು. ಪಡಸಾಲಿ, ದೊಡ್ಡ ಕಟ್ಟಿ, ಬೇವಿನ ಗಿಡ ಎಲ್ಲಾ ಇತ್ತು" ಅಂದಳು.

"ಈಗ ಎಲ್ಲೈತಿ?"

"ನೀರಾಗ."

ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದಳು: "ಮೀನ ಒಳಗ ಹೋಗ್ತಾವೇನ್ ಮಮ್ಮಿ? ಬಾಗಿಲ ಹಾಕೀರೇನು?"

ಮನೆಯವಳು ಉತ್ತರ ಕೊಡಲಿಲ್ಲ. ಅವರ ಮನೆಯವರು ಬಾಗಿಲು, ಚೌಕಟ್ಟು, ತೊಲೆ ಎಲ್ಲ ಕಿತ್ತುಕೊಂಡು ಹೊಸ ಮನೆಗೆ ತಂದಿದ್ದರು. ಆ ಬಾಗಿಲು ಇವತ್ತಿಗೂ ನವನಗರದ ಮನೆಗಿದೆ, ಮಗಳು ಅದನ್ನು ಎಷ್ಟೋ ಸಲ ದಾಟಿದ್ದಾಳೆ. ಅದನ್ನು ನಾನೇ ಹೇಳಿದೆ. ಆ ಜಿಲ್ಲೆಯಲ್ಲಿ ಇಂಥ ಬಾಗಿಲುಗಳಿರುವ ಮನೆಗಳು ಸಾಕಷ್ಟಿವೆ. ಕಾಲುವೆ ನೀರು ಕುಡಿಯುವ ನಾವು ಅವರನ್ನು ಮರೆಯಬಾರದು.

ಬಾದಾಮಿಯಲ್ಲಿ ಮಧ್ಯಾಹ್ನ ರೂಮಿನಲ್ಲಿ ಮಲಗಿ, ಸಂಜೆ ಅಗಸ್ತ್ಯ ತೀರ್ಥದ ದಂಡೆಗೆ ಹೋದೆವು. ಕೆಂಪು ಕಲ್ಲಿನ ಎರಡು ಗುಡ್ಡ, ನಡುವೆ ಹಸಿರು ನೀರು, ಆ ತುದಿಗೆ ಭೂತನಾಥ ಗುಡಿ. ಮೆಟ್ಟಿಲ ಮೇಲೆ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಿದ್ದರು. ಇಲ್ಲಿ ತಟ್ ಅಂತ ಬಟ್ಟೆ ಬಡಿದರೆ ಅರೆಕ್ಷಣಕ್ಕೆ ಗುಡ್ಡದ ಕಡೆಯಿಂದ ತಟ್ ಅಂತ ವಾಪಸ್ ಬರುತ್ತದೆ. ಮಗಳು ನಿಂತುಬಿಟ್ಟಳು. "ಇಲ್ಲೂ ಗುಮ್ಮಟ ಐತಿ?" ಸೋಮವಾರದ ಪಾಠ ಅವಳೇ ಗುರುವಾರಕ್ಕೆ ತಂದಳು. ನನಗೆ ಎಷ್ಟು ಸಂತೋಷವಾಯಿತು ಅಂತ ಬರೆಯಲು ಆಗುವುದಿಲ್ಲ. ಬಟ್ಟೆ ಒಗೆಯುತ್ತಿದ್ದ ಅಕ್ಕ ಒಬ್ಬರು ಅವಳ ಕೈಗೆ ಒದ್ದೆ ಟವೆಲ್ ಕೊಟ್ಟು, "ತೊಗೊ, ನೀನೂ ಹೊಡಿ" ಅಂದರು. ಹೊಡೆದಳು. ಗುಡ್ಡ ಅವಳಿಗೂ ಉತ್ತರ ಕೊಟ್ಟಿತು.

ಶುಕ್ರವಾರ, ಗುಹೆಗಳು, ಬನಶಂಕರಿ

ಶುಕ್ರವಾರ ಬಾದಾಮಿಯ ಮ್ಯೂಸಿಯಂಗೆ ರಜೆ, ಹೋಗುವವರು ಗಮನಿಸಿ. ನಾವು ಬೆಳಿಗ್ಗೆಯೇ ಗುಹೆಗಳಿಗೆ ಹೊರಟೆವು. ಮೆಟ್ಟಿಲಲ್ಲಿ ಮಂಗಗಳ ಕಾಟ ಜಾಸ್ತಿ. ಕೈಯಲ್ಲಿ ಕವರ್ ಇರಬಾರದು. ಕವರಿನ ಸಪ್ಪಳ ಕೇಳಿದರೆ ಸಾಕು, ಎಲ್ಲಿದ್ದರೂ ಬರುತ್ತವೆ. ನಮ್ಮ ಮುಂದೆ ಹೋಗುತ್ತಿದ್ದ ಒಂದು ಹುಡುಗನ ಕೈಯಿಂದ ಚುರುಮುರಿ ಪೊಟ್ಟಣ ಕಸಿದುಕೊಂಡು ಹೋಯಿತು, ಪಾಪ ಅವನು ತುಂಬಾ ಹೊತ್ತು ಅತ್ತ. ನೀರಿನ ಬಾಟಲಿಯನ್ನೂ ಚೀಲದ ಒಳಗೇ ಇಡಿ.

ನಾಲ್ಕು ಗುಹೆಗಳಿವೆ. ಮೂರನೆಯದು ದೊಡ್ಡದು, ಚಾಲುಕ್ಯರ ಮಂಗಳೇಶ ತನ್ನ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಮಾಡಿಸಿದ್ದು, ಅಲ್ಲಿನ ಶಾಸನದಿಂದ 578ರದ್ದು ಅಂತ ಖಚಿತವಾಗಿ ಗೊತ್ತಿದೆ. ಆದರೆ ನಮ್ಮ ಬೆಳಗು ಪೂರ್ತಿ ಮೊದಲನೇ ಗುಹೆಯ ಹೊರಗೇ ಕಳೆಯಿತು. ಅಲ್ಲಿ ಹದಿನೆಂಟು ಕೈಗಳ ನಟರಾಜ ಇದ್ದಾನೆ. ಹದಿನೆಂಟು ಅವಳ ಲೆಕ್ಕದೊಳಗೆ ಬರುವ ಸಂಖ್ಯೆ! ಎಣಿಸಿದಳು, ತಪ್ಪಿತು, ಮತ್ತೆ ಎಣಿಸಿದಳು. ನಡುವೆ ಎಲ್ಲಿ ಶುರು ಮಾಡಿದ್ದೆ ಅಂತ ಮರೆಯುತ್ತಿತ್ತು. ಕೊನೆಗೆ ಒಂದು ಬದಿಗೆ ಒಂಬತ್ತು ಅಂತ ಕಂಡುಕೊಂಡು, ಇನ್ನೊಂದು ಬದಿಗೂ ಒಂಬತ್ತು ಎಣಿಸಿ, "ಎರಡೂ ಕಡೆ ಒಂದ ಸಮ ಅದಾವ" ಅಂದಳು. ಆಮೇಲೆ ಒಂದೊಂದು ಕೈ ನೋಡಿ ಹಾಗೇ ನಿಲ್ಲುವ ಆಟ. ಒಂದು ಕೈ ಮೇಲೆ, ಒಂದು ಕೈ ಸೊಂಟದ ಹತ್ತಿರ, ಒಂದು ಕಾಲು ಸ್ವಲ್ಪ ಮಡಿಸಿ. ಅವಳಮ್ಮನೂ ಸೇರಿಕೊಂಡಳು. ಬಿಸಿಲು ಏರುವ ತನಕ ಇಬ್ಬರೂ ಕುಣಿದರು. ಮೇಲಿನ ಗುಹೆಗಳನ್ನು ನಾವು ಸರದಿಯ ಮೇಲೆ ಹೋಗಿ ನೋಡಿ ಬಂದೆವು. ಒಂದು ಜಾಗದಲ್ಲಿ ಮಗು ಖುಷಿಯಾಗಿದ್ದರೆ ಅಲ್ಲಿಂದ ಎಬ್ಬಿಸಿಕೊಂಡು ಹೋಗುವುದು ನನಗೆ ಸರಿ ಅನ್ನಿಸುವುದಿಲ್ಲ.

ಹಸಿವಾಗಿ ಬನಶಂಕರಿಗೆ ಹೋದೆವು. ದರ್ಶನ ಮುಗಿಸಿ ಹೊರಗೆ ಬಂದರೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು. ಗೊತ್ತಿದ್ದವರಿಗೆ ಗೊತ್ತು, ಬನಶಂಕರಿಯ ಊಟ ಅಂದರೆ ಇದೇ. ಮರದ ಕೆಳಗೆ ಕೂತರೆ ಬುಟ್ಟಿ ಇಳಿಸಿ ಬಿಳಿ ಬಟ್ಟೆ ತೆಗೆಯುತ್ತಾರೆ. ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯ, ಬದನೆಕಾಯಿ, ಕೆಂಪು ಖಾರ, ಸಣ್ಣ ಕುಡಿಕೆಯಲ್ಲಿ ಕೆನೆಗಟ್ಟಿದ ಮೊಸರು. ನಮಗೆ ಬಡಿಸಿದ ಆಯಿ ಮಗಳ ಮುಖ ನೋಡಿ, "ಕೂಸಿಗೆ ಖಾರ ಬ್ಯಾಡ್ರಿ, ಮೊಸರ ಹಚ್ಚಿ ಕೊಡ್ತೀನಿ" ಅಂತ ರೊಟ್ಟಿಯನ್ನು ಸಣ್ಣಗೆ ಮುರಿದು, ಮೊಸರಲ್ಲಿ ನೆನೆಸಿ, ಚೂರು ಉಪ್ಪು ಹಾಕಿ ಕೊಟ್ಟರು. ಮನೆಯಲ್ಲಿ ಅರ್ಧ ರೊಟ್ಟಿಗೆ ಒಂದು ಗಂಟೆ ಕಥೆ ಹೇಳಬೇಕು. ಇಲ್ಲಿ ಒಂದೂವರೆ ರೊಟ್ಟಿ ಮಾತಿಲ್ಲದೆ ಹೋಯಿತು. ಹೊರಡುವಾಗ ಆಯಿ ರೊಕ್ಕ ಎಣಿಸಿಕೊಂಡು, ಅವಳ ಗಲ್ಲ ಮುಟ್ಟಿ ಲಟಿಕೆ ಮುರಿದರು.

ಶನಿವಾರ, ಪಟ್ಟದಕಲ್ಲು

ಬಾಡಿಗೆ ಕಾರು ಮಾಡಿಕೊಂಡು ಬೆಳಿಗ್ಗೆಯೇ ಪಟ್ಟದಕಲ್ಲು. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗ. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು ರಾಣಿ ಲೋಕಮಹಾದೇವಿ. ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ. ಇದನ್ನು ಕಟ್ಟಿಸಿದ್ದು ಒಬ್ಬ ಹೆಣ್ಣುಮಗಳು ಅಂತ ಮಗಳಿಗೆ ಬೇಕಂತಲೇ ಒತ್ತಿ ಹೇಳಿದೆವು. ಇಷ್ಟು ದೊಡ್ಡ ಗುಡಿಯನ್ನೋ ಅಂತ ಕತ್ತು ಎತ್ತಿ ನೋಡಿದಳು. ಎದುರು ಮಂಟಪದ ನಂದಿಯ ಕಿವಿಯಲ್ಲಿ ಏನೋ ಹೇಳಿದಳು, ಏನಂತ ನಮಗೆ ಹೇಳಲಿಲ್ಲ.

ಸ್ವಲ್ಪ ದೂರದ ಪಾಪನಾಥ ಗುಡಿಯ ಗೋಡೆ ಮೇಲೆ ರಾಮಾಯಣದ ಕಥೆ ಕೆತ್ತಿದ್ದಾರೆ. ಹೆಚ್ಚಿನವರು ಅಲ್ಲಿ ತನಕ ಬರುವುದಿಲ್ಲ, ಬಿಸಿಲಿಗೆ ಹೆದರಿ ವಾಪಸ್ ಹೋಗುತ್ತಾರೆ. ಮಕ್ಕಳಿದ್ದವರು ಅದನ್ನು ಬಿಡಬೇಡಿ, ಬೇಕಿದ್ದರೆ ಮೊದಲು ಅಲ್ಲಿಗೇ ಹೋಗಿ. ಕಪಿಸೇನೆ ಕಂಡ ಕೂಡಲೇ, "ಬಾದಾಮಿ ಮಂಗ್ಯಾ ಇಲ್ಲೀಗೂ ಬಂದಾವ!" ಅಂತ ಕೂಗಿದಳು. ಚುರುಮುರಿ ಕಸಿದದ್ದು ಇದೇ ಮಂಗ ಅಂತ ಒಂದನ್ನು ಗುರುತು ಹಿಡಿದೂ ಆಯಿತು.

ಐಹೊಳೆಗೆ ಮುಟ್ಟುವಷ್ಟರಲ್ಲಿ ಅವಳು ನಿದ್ದೆ. ದುರ್ಗಾ ಗುಡಿಯ ಸುತ್ತಿನ ಕಂಬಗಳ ನೆರಳಲ್ಲಿ ನನ್ನ ಹೆಗಲ ಮೇಲೆ ಮಲಗಿಸಿಕೊಂಡೇ ಒಂದು ಸುತ್ತು ಬಂದೆ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಕೂಡಲಸಂಗಮದಲ್ಲಿ ಉಳಿದೆವು.

ಭಾನುವಾರ, ಸಂಗಮ ಮತ್ತು ಆಲಮಟ್ಟಿ

ಕೃಷ್ಣೆ, ಮಲಪ್ರಭೆ ಕೂಡುವ ಜಾಗ. ಬಸವಣ್ಣನವರ ಐಕ್ಯ ಮಂಟಪಕ್ಕೆ ಬಾವಿಯ ಹಾಗಿರುವ ಗೋಡೆಯ ಒಳಗೆ ಮೆಟ್ಟಿಲು ಇಳಿದು ಹೋಗಬೇಕು. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಸುತ್ತ ಏರಿದರೂ ಒಳಗೆ ನೀರು ಬರದ ಹಾಗೆ ಕಟ್ಟಿದ್ದಾರೆ. ಇಲ್ಲಿ ಮಗಳು ಕೇಳಿದ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು: "ಮುತ್ಯಾನ ಅಪ್ಪನ ಮನೀಗೂ ಹಿಂಗ ಗ್ವಾಡಿ ಕಟ್ಟಿದ್ರ ಬರ್ತಿತ್ತಲ್ಲ?"

ಎಲ್ಲಾ ಮನೆಗಳಿಗೂ ಕಟ್ಟಲಿಕ್ಕೆ ಆಗಲ್ಲವ್ವಾ ಅಂದೆ. ಯಾಕೆ ಅಂದಳು. ಊರುಗಳು ಬಹಳ ಇದ್ದವು ಅಂದೆ. ಸುಳ್ಳು ಹೇಳದೆ ಐದು ವರ್ಷದ ಮಗುವಿಗೆ ಅಷ್ಟೇ ಹೇಳಬಹುದಿತ್ತು.

ಸಂಜೆ ಆಲಮಟ್ಟಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು, ಜಲಾಶಯಕ್ಕೆ ಅವರದೇ ಹೆಸರು. ಗೇಟುಗಳು 26. ಇಪ್ಪತ್ತರ ಮೇಲೆ ಆರು ಅಂತ ಎಣಿಸಿದಳು, ಅಂದರೆ ವಾರದೊಳಗೆ ಲೆಕ್ಕ ಮುಂದಕ್ಕೆ ಹೋಗಿತ್ತು. ರಾಕ್ ಗಾರ್ಡನ್‌ನಲ್ಲಿ ಪ್ರಾಣಿಗಳ ಗೊಂಬೆ ನೋಡಿ, ಕತ್ತಲಾದ ಮೇಲೆ ಸಂಗೀತ ಕಾರಂಜಿ ನೋಡಿದೆವು. ರಜೆ ದಿನ, ಸಿಕ್ಕಾಪಟ್ಟೆ ಜನ. ಸಣ್ಣ ಮಕ್ಕಳಿದ್ದರೆ ವಾರದ ನಡುವೆ ಹೋಗುವುದು ಒಳ್ಳೆಯದು. ಕಾರಂಜಿ ಮುಗಿದ ಮೇಲೆ ಗೇಟಿನ ಹತ್ತಿರ ನೂಕುನುಗ್ಗಲು ಆಗುತ್ತದೆ, ಸ್ವಲ್ಪ ಹೊತ್ತು ಕೂತು ಆಮೇಲೆ ಎದ್ದು ಬನ್ನಿ.

ಮನೆ ಮುಟ್ಟಿದಾಗ ರಾತ್ರಿ ಹನ್ನೊಂದು. ಮುಂದಿನದು ಗೋಕಾಕ ಜಲಪಾತ ಅಂತ ಈಗಲೇ ತೀರ್ಮಾನವಾಗಿದೆ. ಬೇಸಿಗೆಯಲ್ಲಿ ಅಲ್ಲಿ ಬರೀ ಬಂಡೆ ಕಾಣುತ್ತದೆ, ಹಾಗಾಗಿ ಘಟಪ್ರಭೆ ತುಂಬಿ ಹರಿಯುವ ಜುಲೈ, ಆಗಸ್ಟ್ ತನಕ ಕಾಯಬೇಕು. ಆ ತೂಗುಸೇತುವೆ ನೋಡಬೇಕು ಅಂತ ಮನೆಯವಳಿಗೆ ಬಹಳ ದಿನದ ಆಸೆ. ಮಗಳು ಕೇಳಿದ್ದು ಇಷ್ಟೇ: ಅಲ್ಲಿಗೆ ರೈಲು ಹೋಗ್ತದೋ ಇಲ್ಲವೋ. ಘಟಪ್ರಭಾ ಸ್ಟೇಷನ್ ತನಕ ಹೋಗುತ್ತದೆ.